ಸಹಾಯ ಬೇಕು: ‘ಚೋಮನ ದುಡಿ’ ಮತ್ತು ವ್ಯಕ್ತಿಯ ಹಕ್ಕಿನ ಕುರಿತ ಕನ್ನಡ ಬರಹಗಳು

ಎಲ್ಲರಿಗೂ ನಮಸ್ಕಾರ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪರಿಸರದ ಹೈಯರ್ ಸೆಕೆಂಡರಿ ವಿದ್ಯಾರ್ಥಿಗಳಿಗಾಗಿ ಸಾಹಿತ್ಯದಲ್ಲಿ ವ್ಯಕ್ತಿಯ ಹಕ್ಕು ಎಂಬ ವಿಷಯದ ಮೇಲೆ ಚರ್ಚೆಯೊಂದನ್ನು ಸಿದ್ಧಪಡಿಸುತ್ತಿದ್ದು, ತಮ್ಮೆಲ್ಲರ ನೆರವನ್ನು ಕೋರುತ್ತಿದ್ದೇನೆ.

ಶಿವರಾಮ ಕಾರಂತರ ‘ಚೋಮನ ದುಡಿ’ ಕಾದಂಬರಿಯನ್ನು (1933) ಆರಿಸಿಕೊಂಡಿದ್ದೇವೆ; ನಮ್ಮ ಕಡೆಯ ಮಕ್ಕಳಿಗೆ ಅದರ ಗದ್ದೆಯನ್ನೂ ದೈವವನ್ನೂ (ತುಳುನಾಡಿನಲ್ಲಿ ಆರಾಧಿಸುವ ಭೂತವನ್ನು) ಬಿಡಿಸಿ ಹೇಳಬೇಕಾಗಿಲ್ಲ. ಎತ್ತುಗಳಿದ್ದರೂ ಬೇಸಾಯಕ್ಕೆ ತುಂಡು ಭೂಮಿ ಸಿಗದಂತೆ ಜಾತಿಯ ಕಟ್ಟುಪಾಡು ಧಣಿಯ ಮನೆಯ ಜೀತದಾಳಾದ ದಲಿತ ಚೋಮನನ್ನು ತಡೆಯುತ್ತದೆ. ಮತಾಂತರವಾದರೆ ಭೂಮಿ ದೊರೆಯಬಹುದೆಂದು ಹೊರಟವನು ತನ್ನ ದೈವವನ್ನು ತೊರೆಯಲಾರದೆ ಹಿಂದಿರುಗುತ್ತಾನೆ. ಮನುಷ್ಯನನ್ನು ಬರಿಯ ಸಾಧನವಾಗಿ ಬಳಸದೆ ಅವನನ್ನೇ ಗುರಿಯೆಂದೂ ಕಾಣಬೇಕೆಂದು ಜರ್ಮನ್ ತತ್ವಜ್ಞಾನಿ ಇಮ್ಯಾನ್ಯುಯಲ್ ಕಾಂಟ್ 1785ರಲ್ಲಿ ಮಂಡಿಸಿದ ತತ್ವ ಧಣಿಯ ಮನೆಯ ಜೀತಕ್ಕೆ ನೇರವಾಗಿ ಅನ್ವಯಿಸುತ್ತದೆ. ಆದರೆ ಚೋಮನ ಆ ಹಿಂದಿರುಗುವಿಕೆಯನ್ನು ಆತ್ಮಸಾಕ್ಷಿಯ ಸ್ವಾತಂತ್ರ್ಯವೆನ್ನಬೇಕೇ, ಅಥವಾ ಬೇರೆ ದಾರಿಯಿಲ್ಲದವನ ಶರಣಾಗತಿಯೆನ್ನಬೇಕೇ? ನನಗೆ ಮೊದಲನೆಯದೇ ಸರಿಯೆನಿಸುತ್ತದೆ (ಸಹೋದ್ಯೋಗಿಗಳು ಇದನ್ನು ಸುತರಾಂ ಒಪ್ಪುವುದಿಲ್ಲ).

ಈ ಪ್ರಶ್ನೆಯನ್ನು ಚರ್ಚಿಸಿದ ವಿಮರ್ಶೆಗಳು, ಹಾಗೂ ಕಾಂಟ್ ಮತ್ತು ವ್ಯಕ್ತಿಸ್ವಾತಂತ್ರ್ಯದ ಬಗ್ಗೆ ಬರೆದ ಇಂಗ್ಲಿಷ್ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ ಅವರ ವಿಚಾರಗಳನ್ನು ಹದಿನೇಳರ ಹರೆಯದವರಿಗೂ ತಿಳಿಯುವಂತೆ ಪರಿಚಯಿಸುವ ಕನ್ನಡ ಪುಸ್ತಕಗಳು ತಮ್ಮ ಗಮನದಲ್ಲಿದ್ದರೆ ದಯವಿಟ್ಟು ಹೆಸರು ತಿಳಿಸಿ. ಇಲ್ಲಿನ ವಾಚನಾಲಯಗಳಲ್ಲಿ ಮಲಯಾಳಂ ಪುಸ್ತಕಗಳು ಸುಲಭವಾಗಿ ಸಿಗುತ್ತವೆ. ಕನ್ನಡದವನ್ನು ಮಂಗಳೂರಿನಿಂದಲೇ ತರಿಸಬೇಕಾಗುತ್ತದೆ. ಆದ್ದರಿಂದ ಪ್ರಕಾಶಕರ ಹೆಸರನ್ನೂ ಸೂಚಿಸಿದರೆ ಉಪಕಾರವಾಗುತ್ತದೆ.