ಅಂಗಡಿಯ ಫೋನಿನಲ್ಲಿ ರೈತರ ಆಧಾರ್, ಪಹಣಿ: ಈ ಫೋನನ್ನು ಹಗುರ ಮಾಡುವುದು ಹೇಗೆ?

ಪ್ರಶ್ನೆ: ಕಾರಟಗಿ ಗೊಬ್ಬರದಂಗಡಿ

ಎಲ್ಲರಿಗೂ ಶರಣು. ನಾನು ಕಾರಟಗಿಯಲ್ಲಿ 11 ವರ್ಷಗಳಿಂದ ಗೊಬ್ಬರ, ಬೀಜ ಮತ್ತು ಕ್ರಿಮಿನಾಶಕದ ಅಂಗಡಿ ನಡೆಸುತ್ತಿದ್ದೇನೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟಾಗಿನಿಂದ ಭತ್ತದ ನಾಟಿ ಮುಗಿಯುವವರೆಗೆ ನನ್ನ ಫೋನಿಗೆ ಬಿಡುವೆಂಬುದೇ ಇರುವುದಿಲ್ಲ.

ಕಳೆದ ತಿಂಗಳು ನನ್ನ ಅಕ್ಕನ ಮಗ ಯಾವುದೋ ಆಪ್‌ನಲ್ಲಿ 6,000 ರೂಪಾಯಿ ಸಾಲ ಪಡೆದಿದ್ದ. ಕಂತು ಎರಡು ದಿನ ತಡವಾದದ್ದೇ ತಡ, ಅವನ ಫೋನಿನಲ್ಲಿದ್ದ ನಂಬರುಗಳಿಗೆಲ್ಲ ಅಪರಿಚಿತರು ಕರೆ ಮಾಡಿ ಬೈಯತೊಡಗಿದರು. ಅವನಿಗೆ ಹೆಣ್ಣು ಕೊಡಲು ಒಪ್ಪಿದ್ದ ಮನೆಯವರಿಗೂ ಆ ಕರೆ ಹೋಯಿತು. ನನಗೆ ಕರೆ ಮಾಡಿದವನು ಮೊದಲು ಕೇಳಿದ ಮಾತು, “ನೀವು ಕಾರಟಗಿ ಮಾವ ಅಲ್ಲವೇ?” ಎಂದು. ಅಳಿಯ ನನ್ನ ನಂಬರನ್ನು ಉಳಿಸಿಕೊಂಡಿದ್ದ ಹೆಸರೇ ಅದು. ನಾನು ಆ ಆಪ್ ಅನ್ನು ಎಂದೂ ನೋಡಿದವನಲ್ಲ, ಯಾವುದಕ್ಕೂ ಒಪ್ಪಿಗೆ ಕೊಟ್ಟವನಲ್ಲ. ಆದರೂ ಮನೆಯವರು ಮಾತ್ರ ಕರೆಯುವ ಆ ಹೆಸರು ಅವನ ಬಾಯಲ್ಲಿತ್ತು.

ಆ ರಾತ್ರಿ ಅಂಗಡಿ ಮುಚ್ಚಿದ ಮೇಲೆ ನನ್ನದೇ ಫೋನಿನ ಗ್ಯಾಲರಿಯನ್ನು ತೆರೆದು ಕುಳಿತೆ. ಗೊಬ್ಬರ ಮಾರುವಾಗ ಆಧಾರ್ ಸಂಖ್ಯೆ ಮತ್ತು ಬೆರಳಚ್ಚು ಪಡೆಯುವ ಪಿಒಎಸ್ ಯಂತ್ರದಲ್ಲಿ ಸಂಖ್ಯೆ ಹಾಕಲು ಅನುಕೂಲವಾಗಲೆಂದು ರೈತರು ವಾಟ್ಸಾಪ್‌ನಲ್ಲಿ ಕಳಿಸಿದ ಆಧಾರ್ ಕಾರ್ಡುಗಳು, ಉದ್ರಿ ಕೊಡುವ ಮುನ್ನ ಎಷ್ಟು ಎಕರೆ ಇದೆಯೆಂದು ನೋಡಲು ನಾನೇ ತರಿಸಿಕೊಂಡ ಪಹಣಿಗಳು, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟಗಳು, ಎಲ್ಲ ಸೇರಿ ಏಳುನೂರಕ್ಕೂ ಹೆಚ್ಚಿದ್ದವು. ಒಂದು ಚಿತ್ರದಲ್ಲಿ ಕಾರ್ಡಿನ ಅಂಚನ್ನು ಹಿಡಿದ ಹೆಬ್ಬೆರಳೂ ಬಂದಿತ್ತು, ಉಗುರಿನ ಸಂದಿಯಲ್ಲಿ ಗದ್ದೆಯ ಕೆಸರು ಒಣಗಿತ್ತು. ಅದು ಯಾರ ಬೆರಳೆಂದು ನನಗೆ ಗೊತ್ತು. ಆ ತಾಯಿ ಮೂರು ವರ್ಷದ ಹಿಂದೆ ಎರಡು ಚೀಲ ಯೂರಿಯಾಕ್ಕಾಗಿ ನನಗೆ ಕೊಟ್ಟ ಕಾಗದ ಅದು, ಇನ್ನೂ ನನ್ನ ಜೇಬಿನಲ್ಲಿಯೇ ತಿರುಗುತ್ತಿದೆ.

ನನ್ನ ಪ್ರಶ್ನೆ ಎರಡು. ಇವನ್ನೆಲ್ಲ ಸರಿಯಾಗಿ ತೆಗೆದುಹಾಕುವುದು ಹೇಗೆ? ಸ್ಮಾರ್ಟ್‌ಫೋನನ್ನೇ ಬಿಟ್ಟು ಕೀಪ್ಯಾಡ್ ಫೋನಿಗೆ ಬಂದರೆ ನನ್ನಂಥವನ ವ್ಯಾಪಾರ ನಡೆದೀತೇ? ಉಣ್ಣುವಾಗಲೂ ಗ್ರೂಪುಗಳನ್ನು ನೋಡುವ ನನ್ನ ಚಾಳಿಯಿಂದ ಮನೆಯಲ್ಲಿ ಬೇಸರವಿದೆ. ಅದೂ ಇದರೊಂದಿಗೆ ಕಡಿಮೆಯಾದರೆ ಒಳ್ಳೆಯದೇ.

ಉತ್ತರ: ಮೊಬೈಲ್ ರಿಪೇರಿ, ಬಳ್ಳಾರಿ

ಅಣ್ಣಾವ್ರೇ, ನನ್ನ ಅಂಗಡಿಗೆ ದಿನಕ್ಕೆ ಹತ್ತಾರು ಫೋನುಗಳು ಬರುತ್ತವೆ, ನೀವು ಹೇಳಿದ ಸ್ಥಿತಿಯಲ್ಲಿಯೇ ಹೆಚ್ಚಿನವು ಇರುತ್ತವೆ. ಪರದೆ ಒಡೆದಿದೆಯೆಂದು ಕೊಡುವವರು ಪ್ಯಾಟರ್ನನ್ನೂ ಚೀಟಿಯಲ್ಲಿ ಬರೆದು ಅಂಟಿಸಿ ಹೋಗುತ್ತಾರೆ. ಪರದೆ ಕೂರಿಸಲು ಪ್ಯಾಟರ್ನ್ ಬೇಕಿಲ್ಲ, ನೀವೇ ಎದುರಿಗೆ ನಿಂತು ತೆರೆದು ತೋರಿಸಿದರೆ ಸಾಕು. ಇದನ್ನು ರಿಪೇರಿಯವನಾಗಿ ನಾನೇ ಹೇಳುತ್ತಿದ್ದೇನೆ.

ಚಿತ್ರಗಳ ವಿಷಯದಲ್ಲಿ ಜನ ಎಡವುವುದು ಒಂದೇ ಕಡೆ. ಗ್ಯಾಲರಿಯಲ್ಲಿ ಅಳಿಸಿದರೆ ಮುಗಿಯಿತೆಂದು ತಿಳಿಯುತ್ತಾರೆ, ಆದರೆ ಅದೇ ಚಿತ್ರ ವಾಟ್ಸಾಪ್ ಮಾತುಕತೆಯೊಳಗೆ, ಗೂಗಲ್ ಫೋಟೋಸ್‌ನ ಬ್ಯಾಕಪ್‌ನಲ್ಲಿ ಮತ್ತು ಕಸದಬುಟ್ಟಿಯಲ್ಲಿ ಉಳಿದಿರುತ್ತದೆ. ಬ್ಯಾಕಪ್ ಆಗಿರುವ ಚಿತ್ರವನ್ನು ಗೂಗಲ್ ಫೋಟೋಸ್‌ನಲ್ಲಿ ಅಳಿಸಿದಾಗ ಅದು 60 ದಿನ ಕಸದಬುಟ್ಟಿಯಲ್ಲಿರುತ್ತದೆ. ಆ ಬುಟ್ಟಿಯನ್ನೂ ನೀವೇ ಖಾಲಿ ಮಾಡಬೇಕು. ಮೊದಲು ವಾಟ್ಸಾಪ್‌ನಲ್ಲಿ ಮೀಡಿಯಾ ವಿಸಿಬಿಲಿಟಿಯನ್ನು ಆಫ್ ಮಾಡಿ, ಆಗ ಹೊಸದಾಗಿ ಬರುವ ಚಿತ್ರಗಳು ಗ್ಯಾಲರಿಗೆ ಸೇರುವುದಿಲ್ಲ. ಗ್ರಾಹಕರ ಮಾತುಕತೆಗಳಿಗೆ ತಾನಾಗಿ ಅಳಿಯುವ ಸಂದೇಶದ ವ್ಯವಸ್ಥೆಯಿದೆ, 24 ಗಂಟೆ, 7 ದಿನ ಅಥವಾ 90 ದಿನ ಎಂದು ಆರಿಸಬಹುದು. ನಿಮ್ಮ ಕೆಲಸಕ್ಕೆ 7 ದಿನ ಸಾಕೆನಿಸುತ್ತದೆ.

ಆನಂತರ ಸೆಟ್ಟಿಂಗ್ಸ್‌ಗೆ ಹೋಗಿ ಪರ್ಮಿಷನ್ ಮ್ಯಾನೇಜರ್ ತೆರೆಯಿರಿ. ಅಲ್ಲಿ ಆಪ್‌ಗಳ ಹೆಸರಿನಿಂದ ಹುಡುಕಬೇಡಿ. ಕಾಂಟ್ಯಾಕ್ಟ್ಸ್ ಎಂಬುದನ್ನು ಒತ್ತಿ, ಯಾರ್ಯಾರು ನಿಮ್ಮ ನಂಬರುಗಳ ಪಟ್ಟಿಯನ್ನು ಓದುತ್ತಿದ್ದಾರೆಂದು ನೋಡಿ. ಟಾರ್ಚಿನ ಆಪ್, ಕೀಬೋರ್ಡಿನ ಆಪ್, ಮಗ ಎಂದೋ ಹಾಕಿಕೊಟ್ಟ ಆಟ ಅಲ್ಲಿ ಕಾಣಿಸಿಕೊಂಡರೆ ಆ ಅನುಮತಿಯನ್ನು ಕಿತ್ತುಹಾಕಿ. ಎಸ್‌ಎಂಎಸ್ ಅನುಮತಿ ಇನ್ನೂ ಅಪಾಯದ್ದು, ಒಟಿಪಿ ಬರುವುದು ಅಲ್ಲಿಗೇ. ಮದುವೆಯ ಆಮಂತ್ರಣ, ಕಿಸಾನ್ ಯೋಜನೆಯ ಪಟ್ಟಿ ಎಂದು ಬರುವ ಎಪಿಕೆ ಕಡತಗಳು, ಅಂದರೆ ಫೋನಿಗೆ ಆಪ್ ಹಾಕುವ ಕಡತಗಳು, ಒಳಹೊಕ್ಕ ಕೂಡಲೇ ಕೇಳುವುದು ಈ ಅನುಮತಿಯನ್ನೇ. ಆಮಂತ್ರಣ ಪತ್ರಿಕೆ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರಬೇಕು, ಅದನ್ನು ಇನ್‌ಸ್ಟಾಲ್ ಮಾಡುವ ಪ್ರಮೇಯವೇ ಇಲ್ಲ. ನಿಮ್ಮದು ಆಂಡ್ರಾಯ್ಡ್ 12 ಅಥವಾ ಅದಕ್ಕಿಂತ ಹೊಸದಾಗಿದ್ದರೆ ಕ್ಯಾಮೆರಾ ಅಥವಾ ಮೈಕ್ ಚಾಲೂ ಇದ್ದಾಗ ಪರದೆಯ ಮೇಲ್ತುದಿಯಲ್ಲಿ ಹಸಿರು ಗುರುತು ಬರುತ್ತದೆ. ನೀವು ಮಾತನಾಡದಿರುವಾಗ ಅದು ಹೊತ್ತಿಕೊಂಡರೆ ಕಾರಣವನ್ನು ಹುಡುಕಿ.

ಆಧಾರ್ ಬೆರಳಚ್ಚನ್ನು ಲಾಕ್ ಮಾಡಿರೆಂದು ಬೆಂಗಳೂರಿನ ಕಡೆಯವರು ಸಲಹೆ ಕೊಡುತ್ತಾರೆ, ಅದು ಒಳ್ಳೆಯ ಸಲಹೆಯೇ. ಆದರೆ ಲಾಕ್ ಆದ ಬೆರಳು ನಿಮ್ಮ ಪಿಒಎಸ್ ಯಂತ್ರದಲ್ಲಿಯೂ ನ್ಯಾಯಬೆಲೆ ಅಂಗಡಿಯಲ್ಲಿಯೂ ನಡೆಯುವುದಿಲ್ಲ. ಹೋಗುವ ಮುನ್ನ ತಾತ್ಕಾಲಿಕವಾಗಿ ತೆರೆಯಲು ಬರುವ ಮನೆಯವರಿಗೆ ಮಾತ್ರ ಅದನ್ನು ಹೇಳಿಕೊಡಿ, ಇಲ್ಲದಿದ್ದರೆ ಸರದಿಯಲ್ಲಿ ನಿಂತ ಮುದುಕರು ಬರಿಗೈಲಿ ವಾಪಸು ಹೋಗಬೇಕಾಗುತ್ತದೆ.

ಉತ್ತರ: ನಿವೃತ್ತ ಶಿಕ್ಷಕಿ, ರಾಯಚೂರು

ಸಹೋದರರೆ, ನಾನು 14 ತಿಂಗಳಿಂದ ಕೀಪ್ಯಾಡ್ ಫೋನಿನಲ್ಲಿದ್ದೇನೆ. ಸ್ಮಾರ್ಟ್‌ಫೋನನ್ನು ಮಾರಿಲ್ಲ, ಅದು ಅಲ್ಮಾರಿನಲ್ಲಿರುತ್ತದೆ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ತೆಗೆಯುತ್ತೇನೆ. ಹೈದರಾಬಾದಿನಲ್ಲಿರುವ ಮೊಮ್ಮಗಳ ಮುಖ ನೋಡಲು ಅದು ಬೇಕೇ ಬೇಕು. ಮೊದಲ ಎರಡು ವಾರ ಕೈ ತಾನಾಗಿಯೇ ಸೊಂಟದ ಕಡೆ ಹೋಗುತ್ತಿತ್ತು, ನಂತರ ನಿಂತಿತು.

ಹಣ ಕೊಡುವುದಕ್ಕೆ ತೊಂದರೆಯಾಗಿಲ್ಲ. ರಿಸರ್ವ್ ಬ್ಯಾಂಕು 2022ರ ಮಾರ್ಚ್‌ನಲ್ಲಿ ಆರಂಭಿಸಿದ ಯುಪಿಐ 123ಪೇ ಇಂಟರ್‌ನೆಟ್ ಇಲ್ಲದ ಫೋನಿನಲ್ಲಿಯೂ ನಡೆಯುತ್ತದೆ, ಒಂದು ಸಲಕ್ಕೆ 10,000 ರೂಪಾಯಿವರೆಗೆ ಕಳಿಸಬಹುದು. ಕರೆ ಮಾಡಿದಾಗ ಕೇಳುವ ಧ್ವನಿ ಹೇಳಿದಂತೆ ಒಂದೊಂದೇ ಅಂಕಿ ಒತ್ತಬೇಕಾದ್ದರಿಂದ ಸ್ವಲ್ಪ ಸಮಯ ಹಿಡಿಯುತ್ತದೆ. ಆದರೆ ಸಾಲಿನಲ್ಲಿ ಹತ್ತು ಜನ ನಿಂತಿರುವ ನಿಮ್ಮ ಗಲ್ಲೆಯಲ್ಲಿ ಇದು ಸಾಧ್ಯವೆಂದು ನಾನು ಹೇಳಲಾರೆ. ಪಿಂಚಣಿದಾರಳ ಬಿಡುವು ನನಗಿದೆ. ನಿಮ್ಮಂಥವರು ಎರಡು ಫೋನು ಇಟ್ಟು, ಅಂಗಡಿಯ ಸ್ಮಾರ್ಟ್‌ಫೋನನ್ನು ರಾತ್ರಿ ಅಂಗಡಿಯಲ್ಲಿಯೇ ಬೀಗ ಹಾಕಿ ಬರುವುದು ಒಳಿತು. ಊಟದ ಹೊತ್ತಿಗೆ ಅದು ಮನೆಯಲ್ಲಿಯೇ ಇರದಿದ್ದರೆ ನೋಡುವ ಮಾತೆಲ್ಲಿ ಬಂತು?

ಉತ್ತರ: ವಕೀಲರು, ಕೊಪ್ಪಳ

ಮಾನ್ಯರೆ, ರಾಯಚೂರಿನ ಶಿಕ್ಷಕಿ ಅಕ್ಕನವರ ಮಾತಿಗೆ ಒಂದು ತಿದ್ದುಪಡಿ ಸೇರಿಸುತ್ತೇನೆ. ಕೀಪ್ಯಾಡ್ ಫೋನು ಮನಸ್ಸಿಗೆ ಬಿಡುವು ಕೊಡುತ್ತದೆ, ಆದರೆ ಗೋಪ್ಯತೆಯನ್ನು ತಾನಾಗಿ ಕೊಡುವುದಿಲ್ಲ. ಯಾರು ಯಾರಿಗೆ ಯಾವಾಗ ಕರೆ ಮಾಡಿದರೆಂಬ ದಾಖಲೆಯನ್ನು ಕಂಪನಿಗಳು ಕನಿಷ್ಠ ಎರಡು ವರ್ಷ ಇಟ್ಟುಕೊಳ್ಳಬೇಕೆಂದು ಸರ್ಕಾರ 2021ರ ಡಿಸೆಂಬರ್‌ನಲ್ಲಿ ಪರವಾನಗಿಯ ಷರತ್ತನ್ನು ಬದಲಿಸಿದೆ, ಅದಕ್ಕೆ ಫೋನು ಯಾವುದೆಂಬುದು ಲೆಕ್ಕಕ್ಕಿಲ್ಲ. ಎಸ್‌ಎಂಎಸ್‌ಗೆ ವಾಟ್ಸಾಪ್ ಅಥವಾ ಸಿಗ್ನಲ್ ಎಂಬ ಆಪ್‌ನಲ್ಲಿರುವ, ಕಳಿಸಿದವರು ಮತ್ತು ಪಡೆದವರು ಮಾತ್ರ ಓದಬಲ್ಲ ಗೂಢಲಿಪಿಯ ರಕ್ಷಣೆಯೂ ಇಲ್ಲ.

ನಿಮ್ಮ ಅಳಿಯನ ವಿಷಯದಲ್ಲಿ ಸುಮ್ಮನಿರಬೇಡಿ. ಸಾಲದ ಆಪ್‌ಗಳು ಫೋನಿನ ನಂಬರುಗಳ ಪಟ್ಟಿ, ಕರೆಗಳ ದಾಖಲೆ, ಕಡತಗಳನ್ನು ಮುಟ್ಟಬಾರದೆಂದು ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರ್‌ನಲ್ಲಿಯೇ ಮಾರ್ಗಸೂಚಿ ಹೊರಡಿಸಿದೆ. ಬಂದ ಕರೆಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟು ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಠಾಣೆಯಲ್ಲಿಯೂ ಲಿಖಿತ ದೂರು ಕೊಡಿ. ಹೆಣ್ಣಿನ ಮನೆಯವರಿಗೆ ಆ ದೂರಿನ ಪ್ರತಿಯನ್ನು ತೋರಿಸುವುದು ಹತ್ತು ಸಮಜಾಯಿಷಿಗಿಂತ ಮೇಲು.

ಇನ್ನು ನೀವು ಎತ್ತಿದ ಮುಖ್ಯ ಮಾತಿಗೆ ಬರುತ್ತೇನೆ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪು ಕೊಟ್ಟರು. ಆ ಪ್ರಕರಣವನ್ನು ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬುದನ್ನು ನಾನು ಕಿರಿಯ ವಕೀಲರಿಗೆ ಹೆಮ್ಮೆಯಿಂದ ಹೇಳುತ್ತೇನೆ. ಬಳಿಕ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಹೆಚ್ಚಿನ ಕರ್ತವ್ಯಗಳು ಅಲ್ಲಿಂದ 18 ತಿಂಗಳ ನಂತರ ಜಾರಿಗೆ ಬರುತ್ತವೆ. ಮನೆಯ ಸ್ವಂತ ಬಳಕೆಗೆ ಇಟ್ಟುಕೊಂಡ ಮಾಹಿತಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ವ್ಯಾಪಾರಕ್ಕಾಗಿ ಗ್ರಾಹಕರಿಂದ ಪಡೆದ ಆಧಾರ್ ಚಿತ್ರಕ್ಕೆ ಆ ವಿನಾಯಿತಿ ಸಿಗದು. ಕೆಲಸ ಮುಗಿದ ಮೇಲೆ ಅಳಿಸುವ ಹೊಣೆ ಇಟ್ಟುಕೊಂಡವನದು. ಗುರುತು ನೋಡುವುದಷ್ಟೇ ಆಗಬೇಕಿದ್ದರೆ ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೇಳಿ.

ಪ್ರಶ್ನೆ ಕೇಳಿದವರ ಮರುನುಡಿ: ಕಾರಟಗಿ ಗೊಬ್ಬರದಂಗಡಿ

ಮೂವರಿಗೂ ಶರಣು. ಎರಡು ವಾರ ಕಳೆದ ಮೇಲೆ ಬರೆಯುತ್ತಿದ್ದೇನೆ.

ಅಳಿಯನ ದೂರು ದಾಖಲಾಗಿದೆ, ಕರೆಗಳು ಸದ್ಯಕ್ಕೆ ನಿಂತಿವೆ. ನನ್ನ ಫೋನಿನಲ್ಲಿ ನಂಬರುಗಳ ಪಟ್ಟಿಯನ್ನು ಓದುತ್ತಿದ್ದ ಆಪ್‌ಗಳು 23 ಇದ್ದವು, ಈಗ ನಾಲ್ಕಿವೆ. ಚಿತ್ರಗಳನ್ನು ಅಳಿಸಲು ಮೂರು ರಾತ್ರಿ ಹಿಡಿಯಿತು, ಏಕೆಂದರೆ ಒಂದೊಂದನ್ನೂ ನೋಡಿ ಉದ್ರಿಯ ಬಾಕಿ ಇರುವವರ ಎಕರೆ ಲೆಕ್ಕವನ್ನು ಅಪ್ಪನ ಕಾಲದ ಹಾಗೆ ಕೆಂಪು ಬಟ್ಟೆಯ ಕಿರ್ದಿ ಪುಸ್ತಕಕ್ಕೆ ಬರೆದುಕೊಂಡೆ. ಪಹಣಿಯಿಂದ ನನಗೆ ಬೇಕಾಗಿದ್ದದ್ದು ಆ ಒಂದು ಸಂಖ್ಯೆ ಮಾತ್ರ. ಆಧಾರ್ ಇನ್ನು ಮುಂದೆ ಕಳಿಸಬೇಡಿ, ಕಾರ್ಡನ್ನೇ ತನ್ನಿ, ಸಂಖ್ಯೆ ಹಾಕಿ ಬೆರಳು ಕೊಟ್ಟು ವಾಪಸು ಒಯ್ಯಿರಿ ಎಂದು ಗಲ್ಲೆಯ ಮೇಲೆ ಬರೆದು ಹಾಕಿದ್ದೇನೆ. ದೂರದ ಕ್ಯಾಂಪುಗಳಿಂದ ಬರುವ ಇಬ್ಬರು ಸಿಟ್ಟಾದರು. ಕಾರ್ಡು ಮರೆತು ಬಂದಿದ್ದಕ್ಕೆ ಮತ್ತೊಂದು ಸುತ್ತು ಹೋಗಿಬರಬೇಕಾಯಿತು. ಅವರ ಸಿಟ್ಟು ನ್ಯಾಯವಾದದ್ದೇ, ಅದಕ್ಕೆ ದಾರಿ ಇನ್ನೂ ಹೊಳೆದಿಲ್ಲ.

ಫೋನು ಈಗ ರಾತ್ರಿ ಅಂಗಡಿಯಲ್ಲಿ ಉಳಿಯುತ್ತದೆ. ಭತ್ತದ ಧಾರಣೆಯ ಒಂದು ಗ್ರೂಪು ಬಿಟ್ಟು ಉಳಿದವುಗಳಿಂದ ಹೊರಬಂದಿದ್ದೇನೆ.

ಆ ತಾಯಿ ಮೊನ್ನೆ ಯೂರಿಯಾಕ್ಕೆ ಬಂದಿದ್ದರು. ನಿಮ್ಮ ಕಾರ್ಡಿನ ಚಿತ್ರ ನನ್ನಲ್ಲಿತ್ತು, ತೆಗೆದುಹಾಕಿದೆನೆಂದು ಹೇಳಿದೆ. “ಅದು ಇನ್ನೂ ಇತ್ತೇನಪ್ಪಾ?” ಎಂದು ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿಮ್ಮ ಹುಡುಗನ ಫೋನಿಗೂ ಕಳಿಸಿದ್ದೆನಲ್ಲ” ಎಂದರು. ಅದು ನನಗೆ ನೆನಪೇ ಇರಲಿಲ್ಲ. ನಾನು ಊರಲ್ಲಿ ಇಲ್ಲದ ದಿನಗಳಲ್ಲಿ ಅವೆಲ್ಲ ಅಂಗಡಿ ಹುಡುಗನ ಫೋನಿಗೆ ಹೋಗುತ್ತಿದ್ದವು, ನಾನೇ ಹಾಗೆ ಹೇಳಿದ್ದೆ. ಈ ಭಾನುವಾರ ಅವನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಅವನ ಫೋನಿನದನ್ನೂ ಅಳಿಸುತ್ತೇವೆ.