ಧ್ಯಾನಕ್ಕೆ ಕುಳಿತರೆ ಯೋಚನೆಗಳೇ ಬರುತ್ತವೆ, ಏನು ಮಾಡಲಿ?

ಪ್ರಶ್ನೆ: ಬೆಳಿಗ್ಗೆ ಸ್ವಲ್ಪ ಹೊತ್ತು ಉಸಿರನ್ನು ಗಮನಿಸುತ್ತಾ ಕುಳಿತುಕೊಳ್ಳುತ್ತೇನೆ. ಎರಡು ಉಸಿರು ಆಗುವಷ್ಟರಲ್ಲಿ ಕಚೇರಿಯ ಕೆಲಸ, ಮಗಳ ಶಾಲೆಯ ಶುಲ್ಕ, ಯಾವುದೋ ಹಳೆಯ ಜಗಳ ಎಲ್ಲವೂ ನೆನಪಾಗುತ್ತವೆ. ಹೇಳಿಕೊಟ್ಟವರು ‘ಮನಸ್ಸನ್ನು ಖಾಲಿ ಮಾಡಿ’ ಎಂದಿದ್ದರು. ಆಗುತ್ತಿಲ್ಲ. ಬಿಟ್ಟುಬಿಡಲೇ? ಅನುಭವಸ್ಥರು ದಯವಿಟ್ಟು ತಿಳಿಸಿ.

ಧಾರವಾಡದ ನಿವೃತ್ತ ಶಿಕ್ಷಕಿ: ಧ್ಯಾನ ಬಿಡಬೇಡಿ, ‘ಖಾಲಿ ಮಾಡಿ’ ಎಂಬ ಮಾತನ್ನು ಬಿಡಿ. ಗೀತೆಯ ಆರನೆಯ ಅಧ್ಯಾಯದಲ್ಲಿ ಅರ್ಜುನನ ದೂರೂ ಇದೇ: ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿದಷ್ಟು ಕಷ್ಟ. ಕೃಷ್ಣ ಅವನನ್ನು ಗದರಿಸುವುದಿಲ್ಲ. ‘ಸಂಶಯವೇ ಇಲ್ಲ’ ಎಂದು ಒಪ್ಪಿಕೊಂಡೇ ಅಭ್ಯಾಸದ ಮಾತಾಡುತ್ತಾನೆ. ಅದಕ್ಕೂ ಮೊದಲು, 26ನೆಯ ಶ್ಲೋಕದಲ್ಲಿ, ಮನಸ್ಸು ಎಲ್ಲೆಲ್ಲಿಗೆ ಹೋಗುತ್ತದೋ ಅಲ್ಲಲ್ಲಿಂದ ಹಿಂದಕ್ಕೆ ತರಬೇಕು ಎಂದಿದೆ. ಹೋಗಲೇಬಾರದು ಎಂದು ಎಲ್ಲಿದೆ? ಹಾಗೆ ಹಿಂದಕ್ಕೆ ತರುವುದೇ ನನ್ನ ದಿನನಿತ್ಯದ ಸಾಧನೆ. ಕೆಲವು ದಿನ ಅದೊಂದೇ ಆಗುತ್ತದೆ.

ಬೆಂಗಳೂರಿನಿಂದ, ವಿಪಶ್ಯನ ಅಭ್ಯಾಸಿ: ವಿಪಶ್ಯನ ಎಂದರೆ ಉಸಿರು, ಮೈಯ ಅನುಭವಗಳನ್ನು ಇದ್ದ ಹಾಗೆ ಗಮನಿಸುವ ಧ್ಯಾನ; ಅದನ್ನು ಕಲಿಸಿದ ಗೋಯೆಂಕಾ ಅವರ ಪರಂಪರೆಯ ಹತ್ತು ದಿನಗಳ ಶಿಬಿರದಲ್ಲಿ ಕುಳಿತವನು ನಾನು. ಬೆಳಗಿನ ಜಾವ ನಾಲ್ಕಕ್ಕೆ ಗಂಟೆ, ಮೊಬೈಲ್ ಇಲ್ಲ, ಪುಸ್ತಕ ಇಲ್ಲ, ಸಹಸಾಧಕರ ಜೊತೆ ಕಣ್ಸನ್ನೆಯೂ ಇಲ್ಲ. ಇಷ್ಟಾದರೆ ತಲೆ ತಣ್ಣಗಾಗಬೇಕಲ್ಲವೇ? ಹೊರಗಿನ ಮಾತು ನಿಂತ ಮೇಲೆಯೇ ಒಳಗಿನ ಗದ್ದಲ ನನಗೆ ಸರಿಯಾಗಿ ಕೇಳಿಸಿದ್ದು. ಮರೆತೇಹೋಗಿದ್ದ ಸಿನಿಮಾ ಹಾಡುಗಳು ಪಲ್ಲವಿಯಿಂದ ಚರಣದವರೆಗೆ ಓಡಿದವು. ಮೊದಲ ಮೂರು ದಿನ ಮೂಗಿನ ಬಳಿಯ ಉಸಿರನ್ನಷ್ಟೇ ಗಮನಿಸಬೇಕು, ಅದೂ ಇದ್ದ ಹಾಗೆ. ಕೊನೆಗೂ ಯೋಚನೆಗಳು ನಿಲ್ಲಲಿಲ್ಲ. ಆದರೆ ‘ಅಯ್ಯೋ, ಎಲ್ಲೋ ಹೋಗಿಬಿಟ್ಟೆ’ ಎಂದು ಎಚ್ಚರವಾಗುವುದು ಬೇಗ ಬೇಗ ಆಗತೊಡಗಿತು. ಲಾಭ ಎಂದರೆ ಇದೇ ಎಂದು ನನ್ನ ಲೆಕ್ಕ. ಒಂದು ಎಚ್ಚರಿಕೆ: ತೀವ್ರ ಮಾನಸಿಕ ತೊಂದರೆ ಇರುವವರಿಗೆ ಇಂಥ ದೀರ್ಘ ಶಿಬಿರ ಬೇಡ ಎಂದು ಕೇಂದ್ರದವರೇ ಹೇಳುತ್ತಾರೆ. ಮೊದಲು ವೈದ್ಯರನ್ನು ಕೇಳಿ.

ಮನಶ್ಶಾಸ್ತ್ರ ಉಪನ್ಯಾಸಕರು: 1987ರಲ್ಲಿ ಅಮೆರಿಕದ ಡೇನಿಯಲ್ ವೆಗ್ನರ್ ತಂಡ ಒಂದು ಪ್ರಯೋಗ ಪ್ರಕಟಿಸಿತು. ‘ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ’ ಎಂದು ಸೂಚನೆ. ಗಂಟೆ ಬಾರಿಸುತ್ತಲೇ ಇತ್ತು. ಆಮೇಲೆ ‘ಈಗ ನೆನೆಯಬಹುದು’ ಎಂದಾಗ, ಮೊದಲಿನಿಂದಲೇ ನೆನೆಯಲು ಅನುಮತಿ ಇದ್ದವರಿಗಿಂತ ಇವರಿಗೇ ಕರಡಿ ಹೆಚ್ಚು ನೆನಪಾಯಿತು. ನಿಮ್ಮ ಶಾಲೆಯ ಶುಲ್ಕವೂ ಅದೇ ಕರಡಿ. ಬರ್ಮಾದ ಬೌದ್ಧ ಧ್ಯಾನಗುರು ಮಹಾಸಿ ಸಯಾಡೊ ಅವರ ಪದ್ಧತಿಯಲ್ಲಿ ಯೋಚನೆ ಬಂದರೆ ಮನಸ್ಸಿನಲ್ಲೇ ‘ಯೋಚನೆ, ಯೋಚನೆ’ ಎಂದು ಗುರುತಿಸಿ ಮುಂದುವರಿಯುತ್ತಾರೆ. ನಾನು ಮಾಡುವುದೂ ಅದನ್ನೇ.

ಮೈಸೂರಿನ ಯೋಗ ಶಿಕ್ಷಕ: ಎಲ್ಲರೂ ಸೇರಿ ಮೌನವನ್ನೇ ಮೂಲೆಗೆ ತಳ್ಳುತ್ತಿದ್ದೀರಿ! ಪತಂಜಲಿಯ ಯೋಗಸೂತ್ರದಲ್ಲಿ ಎರಡನೆಯ ಸೂತ್ರವೇ ಚಿತ್ತವೃತ್ತಿಗಳ ನಿರೋಧದ ಬಗ್ಗೆ, ಅಂದರೆ ಮನಸ್ಸಿನ ಚಲನೆಗಳನ್ನು ನಿಲ್ಲಿಸುವ ಬಗ್ಗೆ. ಗುರಿ ಅದೇ, ಸಂಕೋಚ ಬೇಡ. ಆದರೆ ಯೋಗದ ಎಂಟು ಅಂಗಗಳಲ್ಲಿ ಧ್ಯಾನ ಏಳನೆಯದು. ಆಸನ, ಪ್ರಾಣಾಯಾಮ ಯಾವುದೂ ಇಲ್ಲದೆ, ಹಾಸಿಗೆಯಿಂದ ಎದ್ದು ಮೊಬೈಲ್ ನೋಡಿ ನೇರವಾಗಿ ಏಳನೆಯದಕ್ಕೆ ಹಾರಿದರೆ ಮನಸ್ಸು ಹೇಗೆ ಸುಮ್ಮನಾಗುತ್ತದೆ? ಮೊದಲು ಕೆಲವು ಸುತ್ತು ನಾಡಿಶೋಧನ, ಅಂದರೆ ಒಂದೊಂದೇ ಮೂಗಿನ ಹೊಳ್ಳೆಯಿಂದ ಉಸಿರಾಡುವ ಪ್ರಾಣಾಯಾಮ, ಮಾಡಿ ನೋಡಿ. ನನಗೆ ಜಪದ ನಡುವೆ ಒಮ್ಮೊಮ್ಮೆ ನಿಜವಾಗಿಯೂ ಎಲ್ಲ ನಿಲ್ಲುತ್ತದೆ. ‘ಆಹಾ, ನಿಂತಿತು’ ಎಂದುಕೊಂಡ ಕೂಡಲೇ ಮುಗಿಯಿತು, ಅದೂ ಒಂದು ಯೋಚನೆಯೇ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ಒಮ್ಮೊಮ್ಮೆ ಏನೂ ಯೋಚನೆಯಿಲ್ಲದೆ ಹೊತ್ತು ಹೋಗಿರುತ್ತದೆ, ಏಳುವಾಗ ತಲೆ ಭಾರ. ಅದು ಮೌನವೇ?

ಧಾರವಾಡದ ಶಿಕ್ಷಕಿ: ಅದು ತೂಕಡಿಕೆ, ತಮ್ಮಾ. ವೇದಾಂತದಲ್ಲಿ ಅದಕ್ಕೆ ಲಯ ಎನ್ನುತ್ತಾರೆ, ಮನಸ್ಸಿನ ಅಲೆದಾಟದ ಹಾಗೆ ಅದೂ ಒಂದು ವಿಘ್ನವೇ. ರಾತ್ರಿ ಬೇಗ ಮಲಗಿ, ಬೆಳಿಗ್ಗೆ ಮುಖ ತೊಳೆದು ಕುಳಿತುಕೊಳ್ಳಿ.