ಕೈಕೆಲಸದ ಪೀಠೋಪಕರಣಕ್ಕೆ ದರ ಕಟ್ಟುವುದು ಹೇಗೆ? ಆರ್ಡರ್ ಇದೆ, ಉಳಿಕೆ ಇಲ್ಲ

ಹೊಸ ಉಳಿ, ಸಾಗರ:

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಮಾಡ್ಯುಲರ್ ಅಡುಗೆಮನೆಯ ಕಾರ್ಖಾನೆಯೊಂದರಲ್ಲಿ ಒಂಬತ್ತು ವರ್ಷ ಪ್ಲೈವುಡ್ ಕತ್ತರಿಸಿ ಲ್ಯಾಮಿನೇಟ್ ಅಂಟಿಸಿದ ಮೇಲೆ, ಗಟ್ಟಿಮರದ ಕೆಲಸವನ್ನು ಸ್ವಂತವಾಗಿ ಮಾಡಬೇಕೆಂಬ ಆಸೆಯಿಂದ ಕಳೆದ ವರ್ಷ ಊರಿಗೆ ಮರಳಿ, ಪೇಟೆಯ ಅಂಚಿನಲ್ಲಿ ಒಂದು ಶೆಡ್ ಬಾಡಿಗೆಗೆ ಹಿಡಿದಿದ್ದೇನೆ. ಆರ್ಡರ್‌ಗಳಿಗೆ ಕೊರತೆಯಿಲ್ಲ. ಆದರೆ ಹದಿನಾಲ್ಕು ತಿಂಗಳ ನಂತರ ಲೆಕ್ಕದ ಪುಸ್ತಕ ತೆರೆದು ಕುಳಿತಾಗ, ಕಾರ್ಖಾನೆಯಲ್ಲಿ ಸಿಗುತ್ತಿದ್ದ ಸಂಬಳದ ಅರ್ಧವೂ ಕೈಗೆ ಬಂದಿಲ್ಲವೆಂಬುದು ತಿಳಿಯಿತು.

ಇತ್ತೀಚಿನ ಒಂದು ಕೆಲಸದ ಲೆಕ್ಕವನ್ನೇ ಕೊಡುತ್ತೇನೆ. ಆರು ಅಡಿ ಉದ್ದ, ಮೂರು ಅಡಿ ಅಗಲದ ತೇಗದ ಊಟದ ಮೇಜು, ಕುರ್ಚಿಗಳಿಲ್ಲ. ಮೇಲ್ಹಲಗೆ, ನಾಲ್ಕು ಕಾಲು ಹಾಗೂ ಸುತ್ತಲಿನ ಪಟ್ಟಿಗಳ ಅಳತೆಯನ್ನು ಕೂಡಿಸಿದಾಗ ಮೂರು ಘನ ಅಡಿ ಬಂದುದರಿಂದ, ಘನ ಅಡಿಗೆ 3,800 ರೂಪಾಯಿಯಂತೆ ಮರಕ್ಕೆ 11,400 ಎಂದು ಹಿಡಿದು 32,000 ರೂಪಾಯಿಗೆ ಒಪ್ಪಿಕೊಂಡೆ. ಗಂಟು, ಬಿರುಕು, ಅಂಚಿನ ಬಿಳಿಭಾಗ ಎಲ್ಲವನ್ನೂ ತೆಗೆದು ಮುಗಿಸುವಷ್ಟರಲ್ಲಿ ನಿಜವಾಗಿ ಬೇಕಾದದ್ದು ನಾಲ್ಕೂವರೆ ಘನ ಅಡಿ, ಎಂದರೆ 17,100 ರೂಪಾಯಿ. ಪಾಲಿಷ್ ಸಾಮಾನಿಗೆ 2,500, ಅಂಟು, ಉಪ್ಪುಕಾಗದ, ಸ್ಕ್ರೂಗಳಿಗೆ 1,400, ಟೆಂಪೋಗೆ 1,800, ಸಹಾಯಕ ಹುಡುಗನಿಗೆ ನಾಲ್ಕು ದಿನಕ್ಕೆ 2,800. ಉಳಿದ 6,400 ರೂಪಾಯಿಗೆ ನಾನು ದುಡಿದದ್ದು ಹನ್ನೊಂದು ದಿನ. ಆ ಹುಡುಗನಿಗೆ ದಿನಕ್ಕೆ 700 ಕೊಟ್ಟ ನನಗೆ 600 ರೂಪಾಯಿಯೂ ದಕ್ಕಲಿಲ್ಲ. ಶೆಡ್ಡಿನ ಬಾಡಿಗೆಯನ್ನು ಇನ್ನೂ ಕಳೆದಿಲ್ಲ.

ಇಷ್ಟಾಗಿಯೂ ಆ ಗ್ರಾಹಕರು ಅಂಗಡಿಯಲ್ಲಿ ಸಿಗುವ ಸಿದ್ಧ ಮೇಜಿನ ಬೆಲೆ ಹೇಳಿ ಎರಡು ಸಾವಿರ ಬಿಡಿಸಿಕೊಳ್ಳಲು ನೋಡಿದರು. ಸ್ವಂತವಾಗಿ ಈ ಕೆಲಸ ಮಾಡುತ್ತಿರುವವರು ದರವನ್ನು ಹೇಗೆ ಕಟ್ಟುತ್ತೀರಿ, ಮುಂಗಡ ಎಷ್ಟು ತೆಗೆದುಕೊಳ್ಳುತ್ತೀರಿ ಎಂಬುದನ್ನು ದಯವಿಟ್ಟು ತಿಳಿಸಿ.

ಹಳೆ ಬಡಗಿ, ಪುತ್ತೂರು:

ಮರದ ಲೆಕ್ಕದ ತಪ್ಪು ನಿಮಗೇ ತಿಳಿದಿದೆ, ಆದ್ದರಿಂದ ಅದನ್ನು ಬೇಗ ಮುಗಿಸುತ್ತೇನೆ. ಮುಗಿದ ವಸ್ತುವಿನ ಅಳತೆಯಿಂದ ಮರ ಕೊಳ್ಳಬಾರದು. ಒಂದು ಇಂಚಿನ ಹಲಗೆ ಬೇಕಿದ್ದರೆ ಒಂದೂಕಾಲು ಇಂಚಿನದನ್ನು ಲೆಕ್ಕ ಹಿಡಿದು, ಬಂದ ಮೊತ್ತಕ್ಕೆ ತೇಗಕ್ಕಾದರೆ ಮೂರನೇ ಒಂದು ಭಾಗವನ್ನಾದರೂ ಸೇರಿಸಬೇಕು, ಎಳೆಯ ಮರವಾದರೆ ಅರ್ಧದಷ್ಟನ್ನೇ ಸೇರಿಸಬೇಕು. ನೀವು ದಿಮ್ಮಿಯನ್ನೇ ಕೊಂಡು ಕೊಯ್ಯಿಸುವವರಾದರೆ ಇನ್ನೊಂದು ವಿಷಯವನ್ನು ಗಮನಿಸಿ. ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಅದರ ವರ್ಗವನ್ನು ಉದ್ದದಿಂದ ಗುಣಿಸುವ ಹಳೆಯ ಪದ್ಧತಿಯಲ್ಲಿ ದಿಮ್ಮಿಯ ನಿಜ ಗಾತ್ರದಲ್ಲಿ ನೂರಕ್ಕೆ ಸುಮಾರು 78 ಭಾಗ ಮಾತ್ರ ಬಿಲ್ಲಿಗೆ ಬರುತ್ತದೆ. ಅದು ವ್ಯಾಪಾರಿಯ ಔದಾರ್ಯವಲ್ಲ, ಕೊಯ್ತದಲ್ಲಿ ಹೋಗುವ ಸಿಪ್ಪೆಚೆಕ್ಕೆ ಮತ್ತು ಹೊಟ್ಟಿಗೆ ಬಿಟ್ಟ ಪಾಲು.

ನಿಮ್ಮ ದೊಡ್ಡ ತಪ್ಪು ಮರದಲ್ಲಿಲ್ಲ, ದಿನಗಳಲ್ಲಿದೆ. ವರ್ಷಕ್ಕೆ ಮುನ್ನೂರು ದಿನ ಶೆಡ್ಡಿನ ಬಾಗಿಲು ತೆರೆದರೂ, ಅಳತೆಗೆಂದು ಮನೆಮನೆಗೆ ಹೋಗುವುದು, ಸಾಮಿಲ್ಲಿನಲ್ಲಿ ಕಾಯುವುದು, ಉಳಿ ಮತ್ತು ಬ್ಲೇಡುಗಳನ್ನು ಸಾಣೆ ಹಿಡಿಸುವುದು, ಬಾಕಿ ಹಣಕ್ಕೆ ಅಲೆಯುವುದು, ಕರೆಂಟ್ ಹೋದಾಗ ಸುಮ್ಮನೆ ಕೂರುವುದು ಇವೆಲ್ಲವನ್ನೂ ಕಳೆದರೆ ಮರದ ಮೇಲೆ ಕೈ ಓಡುವ ದಿನಗಳು ನನ್ನ ಅನುಭವದಲ್ಲಿ 180ನ್ನು ದಾಟುವುದಿಲ್ಲ. ವರ್ಷದ ಖರ್ಚನ್ನೆಲ್ಲ ಆ 180 ದಿನಗಳೇ ಹೊರಬೇಕು. ಬಾಡಿಗೆ, ವಿದ್ಯುತ್, ಯಂತ್ರಗಳ ಸವೆತ, ಪೆಟ್ರೋಲು, ಫೋನು ಸೇರಿ ತಿಂಗಳಿಗೆ 12,000 ಎಂದರೆ ವರ್ಷಕ್ಕೆ 1,44,000. ನಿಮ್ಮ ಮನೆ ನಡೆಯಲು ತಿಂಗಳಿಗೆ 30,000 ಎಂದರೆ 3,60,000. ಒಟ್ಟು 5,04,000ವನ್ನು 180ರಿಂದ ಭಾಗಿಸಿದರೆ ನಿಮ್ಮ ಒಂದು ದಿನದ ಬೆಲೆ 2,800 ರೂಪಾಯಿ. ಈ ದರದಲ್ಲಿ ಹನ್ನೊಂದು ದಿನದ ಆ ಮೇಜಿಗೆ ಕೂಲಿಯೇ 30,800, ಸಾಮಾನು ಮತ್ತು ಸಹಾಯಕನ 25,600 ಸೇರಿ 56,400.

ಅಷ್ಟು ಹಣಕ್ಕೆ ಸಾಗರದಲ್ಲಿ ಯಾರು ಕೊಳ್ಳುತ್ತಾರೆ ಎಂದು ನೀವು ಕೇಳುತ್ತೀರಿ. ಕೊಳ್ಳದಿರಬಹುದು. ಆದರೆ ಕಡಿಮೆ ಮಾಡಬೇಕಾದದ್ದು ದಿನದ ಬೆಲೆಯನ್ನಲ್ಲ, ದಿನಗಳನ್ನು. ಹಲಗೆಯ ಮುಖ ಸಮ ಮಾಡುವ, ದಪ್ಪ ಹದಮಾಡುವ ಕೆಲಸವನ್ನು ಕೈಯಂತ್ರದಲ್ಲಿ ನೀವೇ ಮಾಡುತ್ತಿದ್ದರೆ ಅದರಲ್ಲೇ ಮೂರು ದಿನ ಹೋಗಿರುತ್ತದೆ. ದೊಡ್ಡ ಪ್ಲೇನರ್ ಇರುವ ಕಡೆ ಕೂಲಿ ಕೊಟ್ಟು ಅರ್ಧ ದಿನದಲ್ಲಿ ಮಾಡಿಸಿಕೊಳ್ಳಿ. ಕಾಲುಗಳಲ್ಲಿ ಪಟ್ಟಿ ಕೂರುವ ಕಂಡಿ ಕೊರೆಯಲು ಒಮ್ಮೆ ಒಂದು ಅಚ್ಚು ಮಾಡಿಟ್ಟುಕೊಂಡರೆ ಮುಂದಿನ ಹತ್ತು ಮೇಜುಗಳಿಗೆ ಅದೇ ಸಾಕು. ಆರು ದಿನದಲ್ಲಿ ಮುಗಿದರೆ ಅದೇ ಮೇಜು 42,400ಕ್ಕೆ ಇಳಿಯುತ್ತದೆ. ಆರು ದಿನದಲ್ಲೂ ಆಗದ, ಆ ಬೆಲೆಗೂ ಹೋಗದ ಕೆಲಸವನ್ನು ನಯವಾಗಿ ಬಿಟ್ಟುಬಿಡುವುದೇ ಒಳ್ಳೆಯದು. ನಾನು ಇದನ್ನು ಕಲಿಯಲು ಏಳು ವರ್ಷ ತೆಗೆದುಕೊಂಡೆ.

ಚಿತ್ತಾರ, ಉಡುಪಿ:

ಮುಂಗಡದ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನಾನು ಮತ್ತು ನನ್ನ ತಮ್ಮ ನಡೆಸುವ ಕಾರ್ಯಾಗಾರದಲ್ಲಿ ನೂರಕ್ಕೆ ಐವತ್ತನ್ನು ಆರ್ಡರ್ ಜೊತೆಗೆ, ನಲವತ್ತನ್ನು ಸಾಮಾನು ಶೆಡ್ಡಿನಿಂದ ಹೊರಡುವ ಮೊದಲು, ಕೊನೆಯ ಹತ್ತನ್ನು ಮನೆಯಲ್ಲಿ ಕೂರಿಸಿದ ಮೇಲೆ ತೆಗೆದುಕೊಳ್ಳುತ್ತೇವೆ. ಮುಂಗಡದ ಹಣದಲ್ಲಿ ಆ ಆರ್ಡರ್‌ನ ಮರವನ್ನೇ ಕೊಳ್ಳಬೇಕು, ಹಿಂದಿನ ಆರ್ಡರ್‌ನ ಸಾಲ ತೀರಿಸಬಾರದು. ಈ ಶಿಸ್ತು ತಪ್ಪಿದ ವರ್ಷ ನಾವು ಶೆಡ್ ಮುಚ್ಚುವ ಹಂತಕ್ಕೆ ಹೋಗಿದ್ದೆವು. ಅಳತೆ, ಮರದ ಜಾತಿ, ಪಾಲಿಷ್ ಯಾವುದು, ಬದಲಾವಣೆ ಕೇಳಿದರೆ ಎಷ್ಟು ಹೆಚ್ಚುವರಿ ಎಂಬುದನ್ನೆಲ್ಲ ಒಂದು ಚಿತ್ರದೊಂದಿಗೆ ಬರೆದು ಗ್ರಾಹಕರ ಸಹಿ ಪಡೆಯುತ್ತೇವೆ. ಪರಿಚಯದವರ ಬಳಿ ಸಹಿ ಕೇಳಲು ಸಂಕೋಚವಾಗುತ್ತದೆ, ನಿಜ, ಆದರೆ ನಮ್ಮಲ್ಲಿ ಜಗಳಗಳಾದದ್ದು ಪರಿಚಯದವರೊಂದಿಗೇ.

ದರದಲ್ಲಿ ಸೇರಿಸಲೇಬೇಕಾದ ಇನ್ನೊಂದು ಖರ್ಚೆಂದರೆ ಮರ ಒಣಗಲು ಬೇಕಾದ ಕಾಲ. ಗಾಳಿಯಲ್ಲಿ ಒಣಗಿಸುವುದಾದರೆ ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ವರ್ಷ ಎಂಬುದು ಹಳೆಯ ಲೆಕ್ಕ, ಅಷ್ಟು ಕಾಲ ನಿಮ್ಮ ಹಣ ಅಟ್ಟದ ಮೇಲೆ ಕುಳಿತಿರುತ್ತದೆ. ಅದನ್ನು ಉಳಿಸಲು ಹೋಗಿ ನಾವು ಒಮ್ಮೆ ಪೆಟ್ಟು ತಿಂದೆವು. ಮಳೆಗಾಲದಲ್ಲಿ ಇಲ್ಲಿ ಮಾಡಿದ ಮೂರು ಅಡಿ ಅಗಲದ ಮೇಜನ್ನು ಕಲಬುರಗಿಯ ಮನೆಯೊಂದಕ್ಕೆ ಕಳುಹಿಸಿದ್ದೆವು. ಏಪ್ರಿಲ್ ಬರುವಷ್ಟರಲ್ಲಿ ನಡುವೆ ಉದ್ದಕ್ಕೂ ಸೀಳು ಬಿಟ್ಟಿತ್ತು. ಮರ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಅಗಲಕ್ಕೆ ಮಾತ್ರ ಕುಗ್ಗಿಯೇ ಕುಗ್ಗುತ್ತದೆ. ತೇಗದಂಥ ಸ್ಥಿರವಾದ ಮರವೂ ತೇವಾಂಶ ನೂರಕ್ಕೆ ನಾಲ್ಕರಷ್ಟು ಇಳಿದರೆ ಮೂರು ಅಡಿಯಲ್ಲಿ ಕಾಲು ಇಂಚಿನಷ್ಟು ಕಿರಿದಾಗಬಹುದು. ನಾವು ಮೇಲ್ಹಲಗೆಯನ್ನು ಕೆಳಗಿನ ಪಟ್ಟಿಗಳಿಗೆ ಸ್ಕ್ರೂ ಹಾಕಿ ಬಿಗಿದುಬಿಟ್ಟಿದ್ದೆವು, ಕುಗ್ಗಲು ಜಾಗವಿಲ್ಲದೆ ಅದು ಸೀಳಿತು. ಈಗ ಸ್ಕ್ರೂ ತೂತುಗಳನ್ನು ಅಗಲದ ದಿಕ್ಕಿಗೆ ಉದ್ದನೆಯ ಗಂಡಿಗಳನ್ನಾಗಿ ಕೊರೆಯುತ್ತೇವೆ, ತೇವಾಂಶ ಅಳೆಯುವ ಮೀಟರ್ ಹನ್ನೆರಡಕ್ಕಿಂತ ಹೆಚ್ಚು ತೋರಿಸಿದರೆ ಹಲಗೆಗೆ ಕೈ ಹಚ್ಚುವುದಿಲ್ಲ. ಆ ಮೇಜನ್ನು ನಮ್ಮ ಖರ್ಚಿನಲ್ಲೇ ಮತ್ತೆ ಮಾಡಿಕೊಟ್ಟೆವು. ಅದರ ನಂತರ ಪ್ರತಿ ಆರ್ಡರ್‌ನಲ್ಲೂ ಇಂಥ ದುರಸ್ತಿಗೆಂದು ಒಂದಿಷ್ಟು ಎತ್ತಿಡುತ್ತೇವೆ.

ತಲೆಬಾಗಿಲು, ಅರಸೀಕೆರೆ:

ಪುತ್ತೂರಿನವರ ಲೆಕ್ಕ ಕಾಗದದ ಮೇಲೆ ಸರಿಯಿದೆ, ಆದರೆ ಸಣ್ಣ ಊರಿನಲ್ಲಿ ಮೇಜು ಕುರ್ಚಿಗಳನ್ನೇ ನಂಬಿ ಕೂತರೆ ಆ ದರ ಎಂದಿಗೂ ಹುಟ್ಟುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಮೇಜಿಗೆ ಅಂಗಡಿಯ ಪೈಪೋಟಿ ಇದೆ, ತಲೆಬಾಗಿಲಿಗೆ ಮತ್ತು ದೇವರ ಮಂಟಪಕ್ಕೆ ಅದು ಅಷ್ಟಾಗಿ ಇಲ್ಲ. ವಾಸ್ತುವಿನ ಆಯ ನೋಡಿ ಅಳತೆ ಇಡಬೇಕು, ಮನೆಯವರು ಹೇಳಿದ ಕೆತ್ತನೆಯೇ ಬೇಕು, ಹೊಸ್ತಿಲ ಪೂಜೆಯ ಮುಹೂರ್ತಕ್ಕೆ ಚೌಕಟ್ಟು ನಿಲ್ಲಬೇಕು. ಹೀಗಿರುವಾಗ ಸಿದ್ಧ ಬಾಗಿಲಿನ ಬೆಲೆ ಹೇಳಿ ಚೌಕಾಸಿ ಮಾಡುವವರು ಕಡಿಮೆ. ಮೇಜಿಗೆ ಸಾವಿರ ಬಿಡಿಸಿಕೊಳ್ಳುವ ಯಜಮಾನರೇ ಚೌಕಟ್ಟು ನಿಲ್ಲಿಸಿದ ದಿನ ಎಲೆ ಅಡಿಕೆ, ಪಂಚೆ, ದಕ್ಷಿಣೆ ಕೊಟ್ಟು ಕಳುಹಿಸುತ್ತಾರೆ.

ಕೆತ್ತನೆ ನಿಮಗೆ ಬರದಿದ್ದರೂ ನಿಮ್ಮ ಸಾಗರ ಸೊರಬದ ಸೀಮೆಯಲ್ಲಿ ಗುಡಿಗಾರರಿದ್ದಾರೆ. ಹಲಗೆಯನ್ನು ಅವರಿಗೆ ಕೊಟ್ಟು ಕೆತ್ತಿಸಿ, ಅವರ ಕೂಲಿಯನ್ನು ಬಿಲ್ಲಿನಲ್ಲಿ ಬೇರೆಯಾಗಿಯೇ ತೋರಿಸಿ. ಇದಕ್ಕೊಂದು ತೊಂದರೆಯೂ ಉಂಟು. ಆಷಾಢದಲ್ಲಿ ಗೃಹಪ್ರವೇಶಗಳಿಲ್ಲದೆ ಕೆಲಸ ಪೂರ್ತಿ ನಿಲ್ಲುತ್ತದೆ. ಆ ತಿಂಗಳನ್ನು ನಾನು ಹಳೆಯ ಮಂಚ, ಉಯ್ಯಾಲೆ, ಪೆಟ್ಟಿಗೆಗಳ ದುರಸ್ತಿಗೆ ಇಟ್ಟುಕೊಂಡಿದ್ದೇನೆ. ಅದರಲ್ಲಿ ಮರದ ಖರ್ಚೇ ಇಲ್ಲದಿರುವುದರಿಂದ ಬಂದದ್ದೆಲ್ಲ ಕೂಲಿಯೇ.

ಮೇಜನ್ನೇ ಮಾಡುವುದಾದರೆ ಗ್ರಾಹಕರು ತೇಗವೆಂದ ತಕ್ಷಣ ತೇಗ ಎನ್ನಬೇಡಿ. ಹಲಸು, ಹೊನ್ನೆ, ಚೇಗು (ಒಳಗಿನ ಗಟ್ಟಿಭಾಗ) ಬಲಿತ ಅಕೇಶಿಯಾ ಇವುಗಳ ತುಂಡುಗಳನ್ನು ಪಾಲಿಷ್ ಮಾಡಿಟ್ಟು ಕೈಗೆ ಕೊಡಿ. ಅಕೇಶಿಯಾ ಎಂದರೆ ಸೌದೆ ಎಂದು ಮೂಗು ಮುರಿಯುವವರೂ ಅದರ ಬಣ್ಣ ನೋಡಿ ಮೆತ್ತಗಾದದ್ದನ್ನು ಕಂಡಿದ್ದೇನೆ.

ಲೆಕ್ಕಪತ್ರ, ತುಮಕೂರು:

ಸ್ವತಃ ಬಡಗಿಯಲ್ಲ, ಹಲವು ಬಡಗಿಗಳ ಕಾಗದಪತ್ರ ನೋಡಿಕೊಳ್ಳುವವನು. ಸಣ್ಣ ಉದ್ದಿಮೆಗಳಿಗಾಗಿ ಇರುವ ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಉಚಿತ, ಆಧಾರ್ ಮತ್ತು ಪ್ಯಾನ್ ಇದ್ದರೆ ಮನೆಯಲ್ಲೇ ಕುಳಿತು ಮಾಡಿಕೊಳ್ಳಬಹುದು; ಅದಕ್ಕೆ ಸಾವಿರಾರು ರೂಪಾಯಿ ಕೇಳುವ ಮಧ್ಯವರ್ತಿಗಳನ್ನು ನಂಬಬೇಡಿ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳಲ್ಲಿ ಬಡಗಿ ಕೆಲಸವೂ ಒಂದು. ತರಬೇತಿಯ ಅವಧಿಯಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಗಳಿಗೆ 15,000 ರೂಪಾಯಿವರೆಗೆ ನೆರವು, ಶೇ. 5ರ ಬಡ್ಡಿಯಲ್ಲಿ ಮೊದಲು ಒಂದು ಲಕ್ಷ, ಅದನ್ನು ತೀರಿಸಿದ ಮೇಲೆ ಎರಡು ಲಕ್ಷ ರೂಪಾಯಿವರೆಗೆ ಅಡಮಾನವಿಲ್ಲದ ಸಾಲ ಸಿಗುತ್ತದೆ. ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ. ಆ ಸಾಲದಲ್ಲಿ ಮರ ಕೊಂಡಿಡುವುದಕ್ಕಿಂತ ದಿನಗಳನ್ನು ಉಳಿಸುವ ಯಂತ್ರ ಕೊಳ್ಳುವುದು ಲೇಸು.

ಸಾಮಾನು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ಮೀರುವವರೆಗೆ ಜಿಎಸ್‌ಟಿ ನೋಂದಣಿ ಬೇಕಾಗಿಲ್ಲ, ಬರೀ ಕೂಲಿ ಕೆಲಸವಾದರೆ ಮಿತಿ 20 ಲಕ್ಷ. ಆದರೆ ಮೇಜು ಕುರ್ಚಿಗಳನ್ನು ಹೊರರಾಜ್ಯಕ್ಕೆ ಮಾರಲು ಹೊರಟರೆ ಈ ವಿನಾಯಿತಿಯನ್ನು ನೆಚ್ಚಿಕೊಳ್ಳಬೇಡಿ, ಮೊದಲು ವಿಚಾರಿಸಿಕೊಳ್ಳಿ. ತೇಗದ ದಿಮ್ಮಿ ತರುವಾಗ ಅರಣ್ಯ ಇಲಾಖೆಯ ಸಾಗಾಣಿಕೆ ರಹದಾರಿ, ಸಾಮಿಲ್ಲಿನಿಂದ ತರುವಾಗ ಬಿಲ್ಲು, ಎರಡನ್ನೂ ಕಡತದಲ್ಲಿ ಇಟ್ಟುಕೊಳ್ಳಿ.

ಹೊಸ ಉಳಿ, ಸಾಗರ:

ಎಲ್ಲರಿಗೂ ಧನ್ಯವಾದಗಳು. ನಿನ್ನೆ ರಾತ್ರಿ ಕುಳಿತು ಕಳೆದ ವರ್ಷದ ಇಪ್ಪತ್ತಮೂರು ಆರ್ಡರ್‌ಗಳನ್ನೂ ದಿನದ ಲೆಕ್ಕದಲ್ಲಿ ಮತ್ತೆ ನೋಡಿದೆ. ದಿನಕ್ಕೆ 2,000 ರೂಪಾಯಿ ದಾಟಿದ್ದು ನಾಲ್ಕೇ ನಾಲ್ಕು; ಅದರಲ್ಲಿ ಎರಡು ದೇವರ ಮಂಟಪ, ಒಂದು ಹಳೆಯ ತೂಗುಮಂಚದ ದುರಸ್ತಿ. ಅರಸೀಕೆರೆಯವರು ಹೇಳಿದ್ದು ನನ್ನ ಪುಸ್ತಕದಲ್ಲೇ ಇತ್ತು, ನಾನು ಓದಿರಲಿಲ್ಲ ಅಷ್ಟೆ.

ಒಂದು ಸಣ್ಣ ಸಂದೇಹ ಉಳಿದಿದೆ. ಮುಂದಿನ ತಿಂಗಳಿಗೆ ಒಪ್ಪಿಕೊಂಡಿರುವ ಹಲಸಿನ ಮಂಟಪದ ಹಲಗೆಗಳಲ್ಲಿ ಮೀಟರ್ ಹದಿನೇಳು ತೋರಿಸುತ್ತಿದೆ, ಮುಹೂರ್ತವನ್ನು ಮುಂದೂಡುವಂತಿಲ್ಲ. ಹಲಗೆಗಳನ್ನು ಈಗಲೇ ಒರಟಾಗಿ ಕೊಯ್ದು, ಗಾಳಿಯಾಡಲು ನಡುವೆ ರಿಪೀಸು (ತೆಳು ಮರದ ಪಟ್ಟಿ) ಕೊಟ್ಟು ಶೆಡ್ಡಿನೊಳಗೆ ಪೇರಿಸಿಟ್ಟರೆ ಐದು ವಾರದಲ್ಲಿ ಹದಕ್ಕೆ ಬರಬಹುದೇ, ಅಥವಾ ಒಣಗಿಸುವ ಕೋಣೆ ಇರುವ ಸಾಮಿಲ್ಲಿಗೆ ಕಳುಹಿಸಿ ಆ ಖರ್ಚನ್ನು ನಾನೇ ಹೊತ್ತುಕೊಳ್ಳುವುದು ಕ್ಷೇಮವೇ? ಉಡುಪಿಯವರು ಹೇಳಿದರೆ ಉಪಕಾರವಾಗುತ್ತದೆ.

ಚಿತ್ತಾರ, ಉಡುಪಿ:

ಐದು ವಾರವನ್ನು ನಂಬಬೇಡಿ. ಕಂಬಗಳನ್ನು ಒಣಗಿಸುವ ಕೋಣೆಗೆ ಕಳುಹಿಸಿ. ಹಿಂಬದಿಯ ತೆಳು ಹಲಗೆಗಳನ್ನು ಮಾತ್ರ ಶೆಡ್ಡಿನಲ್ಲಿ ಪೇರಿಸಿ, ಚೌಕಟ್ಟಿನ ಗಾಡಿಯೊಳಗೆ (ಒಳಅಂಚಿನಲ್ಲಿ ಉದ್ದಕ್ಕೆ ಕೊರೆದ ಕಾಲುವೆ) ಅಂಟು ಹಾಕದೆ ಸಡಿಲವಾಗಿ ಕೂರಿಸಿ. ಅವು ಆಮೇಲೆ ಕುಗ್ಗಿದರೂ ಗಾಡಿಯೊಳಗೇ ಸರಿಯುತ್ತವೆ, ಸೀಳುವುದಿಲ್ಲ. ಕೋಣೆಯ ಖರ್ಚನ್ನು ಈ ಬಾರಿ ನೀವೇ ಹೊರಿ, ಮುಂದಿನ ಕೊಟೇಶನ್‌ನಲ್ಲಿ ಅದಕ್ಕೊಂದು ಸಾಲು ಇರಲಿ.